ಇಂಗ್ಲಿಷ್ ವಾಕ್ಯ ಬಿಡಿಸುವ ಕ್ರಮ: ಮೊದಲು ಕಾಲ, ಆಮೇಲೆ ಉಪವಾಕ್ಯ, ಕೊನೆಗೆ ಬೈಂಡಿಂಗ್

ಎಂ.ಎ. ಇಂಗ್ಲಿಷ್ ಅಥವಾ ಭಾಷಾವಿಜ್ಞಾನ ಓದುವವರು, ನೆಟ್ ಪರೀಕ್ಷೆಗೆ ತಯಾರಾಗುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಬೈಂಡಿಂಗ್‌ನ ಎ, ಬಿ, ಸಿ ತತ್ವಗಳು ಬಾಯಿಪಾಠ ಆಗಿವೆ. ಆದರೆ ಒಂದು ವಾಕ್ಯ ಕೊಟ್ಟು 'ಹಿಮ್‌ಸೆಲ್ಫ್' ಅಂದರೆ ಇಲ್ಲಿ ಯಾರು ಅಂತ ಕೇಳಿದರೆ ಎಲ್ಲಿಂದ ಶುರು ಮಾಡಬೇಕು ಗೊತ್ತಾಗಲ್ಲ."

ಬೈಂಡಿಂಗ್ ಅಂದರೆ 'ಹಿಮ್‌ಸೆಲ್ಫ್', 'ಹಿಮ್' ತರಹದ ಪದ ವಾಕ್ಯದ ಯಾವ ಹೆಸರಿಗೆ ಜೋಡಿ ಆಗಬಹುದು ಅಂತ ಹೇಳುವ ನಿಯಮ, ಎ, ಬಿ, ಸಿ ತತ್ವಗಳು ಆರನೇ ಹಂತದಲ್ಲಿ ಬರುತ್ತವೆ. ಬಹಳಷ್ಟು ಜನ ಕೊನೆಯಿಂದ ಶುರು ಮಾಡುತ್ತಾರೆ. 'ಹಿಮ್‌ಸೆಲ್ಫ್' ಕಂಡ ಕೂಡಲೇ ಅದಕ್ಕೆ ಜೋಡಿ ಹುಡುಕಲು ಹೋಗುತ್ತಾರೆ. ಆದರೆ ಆ ಜೋಡಿ ಎಲ್ಲಿಯವರೆಗೆ ಸಿಗಬಹುದು ಅನ್ನುವುದನ್ನು ಹೇಳುವುದು ಉಪವಾಕ್ಯದ ಗಡಿ. ಆ ಗಡಿ ಎಷ್ಟು ಬಿಗಿ ಅನ್ನುವುದನ್ನು ಹೇಳುವುದು ಕ್ರಿಯಾಪದದ ಕಾಲ. ಅದಕ್ಕೇ ಕಾಲ, ಉಪವಾಕ್ಯ, ಬೈಂಡಿಂಗ್ ಅನ್ನುವ ಕ್ರಮದಲ್ಲೇ ಹೋಗಿ. ಎಂಥ ಉದ್ದ ವಾಕ್ಯ ಬಂದರೂ ಹೆದರಬೇಕಿಲ್ಲ.

ಬೇಕಾಗಿರುವುದು ಕಾಗದ, ಪೆನ್ಸಿಲ್, ಸ್ವಲ್ಪ ತಾಳ್ಮೆ. ಉದಾಹರಣೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನೀವು ಇಂಗ್ಲಿಷಿನಲ್ಲಿ ಬರೆದುಕೊಂಡು ಗೀಟು, ಕಂಸ ಹಾಕುತ್ತಾ ಓದಿ. ವಾಕ್ಯದ ಮುಂದೆ ನಕ್ಷತ್ರ (*) ಇದ್ದರೆ ಇಂಗ್ಲಿಷ್ ಮಾತಾಡುವವರು ಹಾಗೆ ಹೇಳುವುದಿಲ್ಲ ಅಂತ ಅರ್ಥ.

ಹಂತ 1: ಕಾಲ ಯಾವ ಪದದ ಮೇಲಿದೆ ನೋಡಿ

ಇಲ್ಲಿ ಕಾಲ ಅಂದರೆ ಕ್ರಿಯಾಪದದ ರೂಪದಲ್ಲಿ ಕಾಣುವ ಗುರುತು, ಘಟನೆ ನಡೆದ ಹೊತ್ತಲ್ಲ. ಇದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. "ದ ಟ್ರೇನ್ ಲೀವ್ಸ್ ಟುಮಾರೋ" ಅನ್ನುವಾಗ ಹೊರಡುವುದು ನಾಳೆ, ಕ್ರಿಯಾಪದದ ರೂಪ ಮಾತ್ರ ವರ್ತಮಾನ. "ಇಫ್ ಐ ಹ್ಯಾಡ್ ಮನಿ" ಅನ್ನುವಾಗ ಮಾತು ಈಗಿನದು, ರೂಪ ಭೂತಕಾಲದ್ದು.

ರೂಪದ ಲೆಕ್ಕದಲ್ಲಿ ಇಂಗ್ಲಿಷಿಗೆ ಇರುವುದು ಎರಡೇ ಕಾಲ: ವರ್ತಮಾನ ಮತ್ತು ಭೂತ. 'ವಿಲ್' ಭವಿಷ್ಯತ್ ಕಾಲ ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ವಾಕ್ಯರಚನೆಯ ದೃಷ್ಟಿಯಿಂದ ಅದು 'ಕ್ಯಾನ್', 'ಮೇ', 'ಮಸ್ಟ್' ಜೊತೆ ಸೇರುವ ಮೋಡಲ್, ಅಂದರೆ ಸಾಧ್ಯತೆ, ಅಗತ್ಯ, ಊಹೆ ಹೇಳುವ ಸಹಾಯಕ ಕ್ರಿಯಾಪದ. ಅವೆಲ್ಲ ಕೂರುವುದು ಒಂದೇ ಜಾಗದಲ್ಲಿ. ಅದಕ್ಕೇ "*ಹೀ ವಿಲ್ ಕ್ಯಾನ್ ಕಮ್" ಅನ್ನಲು ಬರುವುದಿಲ್ಲ.

ಕ್ರಿಯಾಪದಗಳ ಸಾಲು ಎಷ್ಟೇ ಉದ್ದವಿರಲಿ, ಕಾಲದ ಗುರುತು ಇರುವುದು ಮೊದಲನೆಯದರ ಮೇಲೆ ಮಾತ್ರ. "ಶೀ ಹ್ಯಾಸ್ ಬೀನ್ ರೀಡಿಂಗ್" ಅನ್ನುವುದರಲ್ಲಿ 'ಹ್ಯಾಸ್' ಮೇಲೆ. "ಶೀ ಮೈಟ್ ಹ್ಯಾವ್ ಬೀನ್ ರೀಡಿಂಗ್" ಅನ್ನುವುದರಲ್ಲಿ ಆ ಮೊದಲ ಜಾಗ 'ಮೈಟ್'ನದು. ಉಳಿದವು ಕಾಲದ ಗುರುತಿಲ್ಲದ ರೂಪಗಳು. ಮೋಡಲ್, ಆಮೇಲೆ 'ಹ್ಯಾವ್', ಆಮೇಲೆ 'ಬಿ', ಕೊನೆಗೆ ಮುಖ್ಯ ಕ್ರಿಯಾಪದ ಅನ್ನುವ ಈ ಸಾಲನ್ನು ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ 1957ರಲ್ಲೇ ಒಂದು ಸೂತ್ರವಾಗಿ ಬರೆದು ತೋರಿಸಿದ್ದರು.

ಕಾಲದ ಗುರುತು ಅಥವಾ ಮೋಡಲ್ ಇರುವ ಉಪವಾಕ್ಯ ಫೈನೈಟ್. 'ಟು' ಅಥವಾ 'ಇಂಗ್' ರೂಪ ಮಾತ್ರ ಇದ್ದರೆ ನಾನ್‌ಫೈನೈಟ್. ಈ ಎರಡು ಪದ ಮುಂದೆ ಪದೇ ಪದೇ ಬರುತ್ತವೆ.

ಎಡವುವ ಜಾಗಗಳು ಮೂರು. 'ಪುಟ್', 'ಕಟ್', 'ಹಿಟ್' ತರಹದ ಕ್ರಿಯಾಪದಗಳಿಗೆ ಎರಡೂ ಕಾಲದಲ್ಲಿ ಒಂದೇ ರೂಪ. ಆಗ ಬಾಲಪ್ರಶ್ನೆ ಸೇರಿಸಿ ನೋಡಿ: "ದೇ ಪುಟ್ ದ ಬುಕ್ಸ್ ಹಿಯರ್, ಡಿಡಂಟ್ ದೇ?" ಅಂದರೆ ಭೂತ, 'ಡೋಂಟ್ ದೇ' ಅಂದರೆ ವರ್ತಮಾನ. ಎರಡನೆಯದು "ಐ ಇನ್‌ಸಿಸ್ಟ್ ದಟ್ ಹೀ ಲೀವ್" ತರಹದ್ದು. 'ಲೀವ್' ಮೇಲೆ 'ಎಸ್' ಇಲ್ಲ, ಕಾಲದ ಗುರುತೂ ಇಲ್ಲ. ಆದರೆ ಕರ್ತೃ 'ಹಿಮ್' ಆಗದೆ 'ಹೀ' ರೂಪದಲ್ಲೇ ಉಳಿದಿದೆ, ಹಿಂದೆ 'ದಟ್' ಇದೆ. ಹಾಗಾಗಿ ಇದನ್ನೂ ಫೈನೈಟ್ ಅಂತಲೇ ಲೆಕ್ಕ ಹಿಡಿಯಿರಿ.

ಮೂರನೆಯದು ನಮ್ಮ ಕನ್ನಡದ ಅಭ್ಯಾಸದಿಂದ ಬರುವಂಥದ್ದು. "ರವಿಗೆ ಹುಷಾರಿಲ್ಲ ಅಂತ ಸೀತಾ ಹೇಳಿದಳು" ಅನ್ನುತ್ತೇವೆ. ಹೇಳಿದ್ದು ಭೂತಕಾಲದಲ್ಲಿ, ಹೇಳಿದ ವಿಷಯ ವರ್ತಮಾನದಲ್ಲೇ ಉಳಿಯುತ್ತದೆ. ಇಂಗ್ಲಿಷ್ ಹಾಗಲ್ಲ: "ಸೀತಾ ಸೆಡ್ ದಟ್ ರವಿ ವಾಸ್ ಇಲ್." ಈ 'ವಾಸ್'ಗೆ ಎರಡು ಅರ್ಥ ಬರುತ್ತದೆ. ಸೀತಾ ಹೇಳುವ ಹೊತ್ತಿಗೇ ಹುಷಾರಿರಲಿಲ್ಲ ಅನ್ನುವುದು ಒಂದು, ಅದಕ್ಕೂ ಮುಂಚೆ ಹುಷಾರಿರಲಿಲ್ಲ ಅನ್ನುವುದು ಇನ್ನೊಂದು. ಮೊದಲ ಅರ್ಥದಲ್ಲಿ ಒಳಗಿನ ಭೂತ ರೂಪ ಹೊರಗಿನ ಭೂತಕ್ಕೆ ಹೊಂದಿಕೊಂಡು ಬಂದದ್ದು ಅಷ್ಟೇ. ಇದಕ್ಕೆ ಸೀಕ್ವೆನ್ಸ್ ಆಫ್ ಟೆನ್ಸ್ ಅಂತ ಹೆಸರು. ಉತ್ತರದಲ್ಲಿ ಎರಡೂ ಅರ್ಥ ಬರೆಯಿರಿ.

ಹಂತ 2: ಆ ಕಾಲಕ್ಕೆ ಟ್ರೀಯಲ್ಲಿ ಜಾಗ ಕೊಡಿ

ಟ್ರೀ ಡಯಾಗ್ರಮ್ ಅಂದರೆ ವಾಕ್ಯದ ಪದಗಳು ಗುಂಪುಗುಂಪಾಗಿ ಹೇಗೆ ಸೇರುತ್ತವೆ ಅಂತ ಕವಲುಗಳಲ್ಲಿ ತೋರಿಸುವ ಚಿತ್ರ. ಅದರಲ್ಲಿ ಕಾಲಕ್ಕೆ ತನ್ನದೇ ಒಂದು ಜಾಗ ಇದೆ. ಅದನ್ನು ಟಿ ಅನ್ನುತ್ತಾರೆ, ಹಳೆಯ ಪುಸ್ತಕಗಳಲ್ಲಿ ಇನ್‌ಫ್ಲ್ ಅಥವಾ ಐ ಅಂತ ಇರುತ್ತದೆ. ಮೋಡಲ್‌ಗಳು, 'ಟು', 'ಡು' ನೇರವಾಗಿ ಟಿಯಲ್ಲಿ ಕೂರುತ್ತವೆ. ಟಿ ಖಾಲಿ ಇದ್ದರೆ ಸಹಾಯಕವಾಗಿ ಬಂದ 'ಹ್ಯಾವ್', ಮತ್ತು ಸಹಾಯಕವಾಗಿರಲಿ ಮುಖ್ಯ ಕ್ರಿಯಾಪದವಾಗಿರಲಿ 'ಬಿ', ಕೆಳಗಿನಿಂದ ಎದ್ದು ಟಿಗೆ ಬರುತ್ತವೆ. ಸಾಮಾನ್ಯ ಕ್ರಿಯಾಪದ ಮಾತ್ರ ತನ್ನ ಜಾಗ ಬಿಟ್ಟು ಏಳುವುದಿಲ್ಲ.

ಇದು ನಿಜ ಅಂತ ಗೊತ್ತಾಗುವುದು ಹೇಗೆ? 'ಆಫನ್' ಅನ್ನುವ ಪದವನ್ನು ನಡುವೆ ಇಟ್ಟು ನೋಡಿ.

(1) ರವಿ ಈಸ್ ಆಫನ್ ಲೇಟ್.
(2) *ರವಿ ರೀಡ್ಸ್ ಆಫನ್ ಬುಕ್ಸ್.
(3) ರವಿ ಆಫನ್ ರೀಡ್ಸ್ ಬುಕ್ಸ್.

'ಆಫನ್' ಕ್ರಿಯಾಪದದ ಗುಂಪಿನ ಅಂಚಿನಲ್ಲಿ ಇರುತ್ತದೆ. 'ಈಸ್' ಅದನ್ನು ದಾಟಿ ಎಡಕ್ಕೆ ಬಂದಿದೆ, 'ರೀಡ್ಸ್' ದಾಟಿಲ್ಲ. ಫ್ರೆಂಚಿನಲ್ಲಿ ಸಾಮಾನ್ಯ ಕ್ರಿಯಾಪದವೂ ದಾಟುತ್ತದೆ: "ಜಾನ್ ಮೇರಿಯನ್ನು ಆಗಾಗ ಮುದ್ದಿಸುತ್ತಾನೆ" ಅನ್ನುವ ಅರ್ಥದ ಫ್ರೆಂಚ್ ವಾಕ್ಯದಲ್ಲಿ 'ಆಗಾಗ' ಅನ್ನುವ ಪದ ಕ್ರಿಯಾಪದ ಆದ ಮೇಲೆ, ಕರ್ಮಕ್ಕಿಂತ ಮುಂಚೆ ಬರುತ್ತದೆ. 1989ರಲ್ಲಿ ಭಾಷಾವಿಜ್ಞಾನಿ ಝಾನ್-ಈವ್ ಪೊಲಾಕ್ ಈ ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ಮಾಡಿದ ವಾದ ಇಂದಿಗೂ ಪಾಠದಲ್ಲಿ ಇದೆ. ಹಳೆಯ ಇಂಗ್ಲಿಷ್ ನಾಟಕ ಓದಿದವರಿಗೆ "ಐ ನೋ ನಾಟ್" ನೆನಪಿರಬಹುದು. ಆಗ ಸಾಮಾನ್ಯ ಕ್ರಿಯಾಪದವೂ 'ನಾಟ್' ದಾಟುತ್ತಿತ್ತು. ಈಗ ಅದು ನಿಂತಿದೆ, ಅದಕ್ಕೇ ನಿಷೇಧಕ್ಕೂ ಪ್ರಶ್ನೆಗೂ 'ಡು' ಬೇಕು: "ಐ ಡು ನಾಟ್ ನೋ."

ಹಂತ 3: ಉಪವಾಕ್ಯಗಳಿಗೆ ಕಂಸ ಹಾಕಿ

ಮುಖ್ಯ ಕ್ರಿಯಾಪದಗಳನ್ನು ಎಣಿಸಿ. ಸಾಮಾನ್ಯವಾಗಿ ಅವು ಎಷ್ಟೋ ಅಷ್ಟೇ ಉಪವಾಕ್ಯ. ಸಹಾಯಕಗಳನ್ನು ಎಣಿಸಬೇಡಿ. ಪ್ರತಿ ಉಪವಾಕ್ಯದ ಸುತ್ತ ಚೌಕ ಕಂಸ ಹಾಕಿ, ಅದರ ಮೇಲೆ ಫೈನೈಟೋ ನಾನ್‌ಫೈನೈಟೋ ಬರೆದುಕೊಳ್ಳಿ.

ಟ್ರೀ ಬರೆಯುವಾಗ 'ದಟ್', 'ಇಫ್', 'ವೆದರ್' ತರಹದ ಪದ ಕೂರುವ ಮೇಲಿನ ಪದರ ಸಿಪಿ. ಅದರ ಕೆಳಗೆ ಕರ್ತೃ ಮತ್ತು ಟಿ ಇರುವ ಟಿಪಿ, ಅದರ ಕೆಳಗೆ ಕ್ರಿಯಾಪದದ ವಿಪಿ. 'ದಟ್' ಕಾಣದಿದ್ದರೂ ಫೈನೈಟ್ ಉಪವಾಕ್ಯಕ್ಕೆ ಸಿಪಿ ಬರೆಯಿರಿ. "ಐ ನೋ ರವಿ ಲೆಫ್ಟ್" ಅನ್ನುವುದರಲ್ಲಿ 'ದಟ್' ಸುಮ್ನೆ ಕೈಬಿಟ್ಟಿದ್ದಾರೆ ಅಷ್ಟೇ.

ಕ್ರಿಯಾಪದವೇ ಇಲ್ಲದ ಉಪವಾಕ್ಯವೂ ಇದೆ. "ಸೀತಾ ಕನ್ಸಿಡರ್ಸ್ [ರವಿ ಪ್ರೌಡ್ ಆಫ್ ಹಿಮ್‌ಸೆಲ್ಫ್]" ನೋಡಿ. ಕಂಸದ ಒಳಗೆ ಕಾಲವಿಲ್ಲ, ಕ್ರಿಯಾಪದವೂ ಇಲ್ಲ. ಆದರೆ ರವಿ ಹೇಗೆ ಅಂತ ಹೇಳುತ್ತಿದೆ, ಅಂದರೆ ಕರ್ತೃ ಇದೆ. ಇದನ್ನು ಸ್ಮಾಲ್ ಕ್ಲಾಸ್ ಅಂತ ಕರೆಯುತ್ತಾರೆ. ಇಲ್ಲಿ 'ಹರ್‌ಸೆಲ್ಫ್' ಹಾಕಿ ಸೀತಾಗೆ ಜೋಡಿಸಿದರೆ ವಾಕ್ಯ ಕೆಡುತ್ತದೆ. ಈ ಕಂಸವೂ ಗಡಿಯ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಹಂತ 4: ಕಾಣದ ಕರ್ತೃವನ್ನು ತುಂಬಿ

'ಟು' ಇರುವ ಉಪವಾಕ್ಯದಲ್ಲಿ ಕರ್ತೃ ಕಾಣದಿದ್ದರೆ ಅಲ್ಲಿ ಪ್ರೋ ಅಂತ ಬರೆಯಿರಿ. ಪ್ರೋ ಅಂದರೆ ಉಚ್ಚಾರ ಇಲ್ಲದ ಕರ್ತೃ. ಅದು ಯಾರು ಅಂತ ಹೇಳುವುದು ಮೇಲಿನ ಕ್ರಿಯಾಪದ.

(4) ರವಿ ಪ್ರಾಮಿಸ್ಡ್ ಸೀತಾ [ಪ್ರೋ ಟು ಕಂಟ್ರೋಲ್ ಹಿಮ್‌ಸೆಲ್ಫ್].
(5) ರವಿ ಪರ್ಸ್ಯೂಡೆಡ್ ಸೀತಾ [ಪ್ರೋ ಟು ಕಂಟ್ರೋಲ್ ಹರ್‌ಸೆಲ್ಫ್].

ಮಾತು ಕೊಟ್ಟವನು ರವಿ, ಹಾಗಾಗಿ (4)ರಲ್ಲಿ ಪ್ರೋ ಅಂದರೆ ರವಿ. ಒಪ್ಪಿದವಳು ಸೀತಾ, (5)ರಲ್ಲಿ ಪ್ರೋ ಅಂದರೆ ಅವಳು. ಪ್ರೋ ಬರೆಯದೆ ಹೋದರೆ (5)ರಲ್ಲಿ 'ಹಿಮ್‌ಸೆಲ್ಫ್' ಯಾಕೆ ಬರಲ್ಲ ಅಂತ ವಿವರಿಸಲು ಆಗುವುದೇ ಇಲ್ಲ. ಅಂಕ ಹೋಗುವುದು ಜಾಸ್ತಿ ಇಲ್ಲೇ.

ಎಲ್ಲಾ 'ಟು' ವಾಕ್ಯಕ್ಕೂ ಪ್ರೋ ಹಾಕುವುದೂ ತಪ್ಪು. "ರವಿ ಸೀಮ್ಸ್ ಟು ಲೈಕ್ ಹಿಮ್‌ಸೆಲ್ಫ್" ಅನ್ನುವುದರಲ್ಲಿ ರವಿಯೇ ಒಳಗಿನಿಂದ ಮೇಲೆ ಬಂದಿದ್ದಾನೆ. ಇದಕ್ಕೆ ರೈಸಿಂಗ್ ಅನ್ನುತ್ತಾರೆ. ಪರೀಕ್ಷೆ ಸುಲಭ, ಕರ್ತೃವಿನ ಜಾಗದಲ್ಲಿ ಅರ್ಥವಿಲ್ಲದ 'ದೇರ್' ಇಟ್ಟು ನೋಡಿ. "ದೇರ್ ಸೀಮ್ಸ್ ಟು ಬಿ ಎ ಪ್ರಾಬ್ಲಮ್" ಸರಿ. "*ದೇರ್ ವಾಂಟ್ಸ್ ಟು ಬಿ ಎ ಪ್ರಾಬ್ಲಮ್" ಆಗಲ್ಲ. 'ದೇರ್' ಒಪ್ಪಿದರೆ ರೈಸಿಂಗ್, ಒಪ್ಪದಿದ್ದರೆ ಪ್ರೋ. ಕ್ರಿಯಾಪದದ ಆಚೆ ಬದಿಗೂ ಇದೇ ಪರೀಕ್ಷೆ: "ಐ ಬಿಲೀವ್ ದೇರ್ ಟು ಬಿ ಎ ಪ್ರಾಬ್ಲಮ್" ಸರಿ, 'ಪರ್ಸ್ಯೂಡ್' ಜೊತೆ ಆಗಲ್ಲ. ಅಂದರೆ 'ಬಿಲೀವ್' ಆದ ಮೇಲೆ ಬರುವ ಹೆಸರು ಒಳಗಿನ ಉಪವಾಕ್ಯದ ಕರ್ತೃ, 'ಪರ್ಸ್ಯೂಡ್' ಆದ ಮೇಲೆ ಬರುವ ಹೆಸರು ಹೊರಗಿನ ಕರ್ಮ. ಇದನ್ನು ನೆನಪಿಡಿ, ಆರನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 5: ಸಿ-ಕಮಾಂಡ್ ನೋಡಿ

ಟ್ರೀಯಲ್ಲಿ ಒಂದು ಪದದಿಂದ ಮೇಲಕ್ಕೆ ಹೋಗಿ. ಕವಲು ಒಡೆಯುವ ಮೊದಲ ಬಿಂದು ಸಿಕ್ಕಿದಾಗ ನಿಲ್ಲಿ. ಅದರ ಕೆಳಗಿರುವ ಉಳಿದ ಎಲ್ಲವನ್ನೂ ಆ ಪದ ಸಿ-ಕಮಾಂಡ್ ಮಾಡುತ್ತದೆ. 1976ರಲ್ಲಿ ಟಾನ್ಯಾ ರೈನ್‌ಹಾರ್ಟ್ ಕೊಟ್ಟ ವ್ಯಾಖ್ಯೆ ಹೆಚ್ಚುಕಡಿಮೆ ಇದೇ.

(6) [ರವೀಸ್ ಬ್ರದರ್] ಅಡ್ಮೈರ್ಸ್ ಹಿಮ್‌ಸೆಲ್ಫ್.

ಇಲ್ಲಿ ತನ್ನನ್ನು ತಾನು ಮೆಚ್ಚಿಕೊಳ್ಳುವವನು ಅಣ್ಣ, ರವಿ ಅಲ್ಲ. ರವಿಯಿಂದ ಮೇಲೆ ಹೋದರೆ 'ರವೀಸ್ ಬ್ರದರ್' ಅನ್ನುವ ಗುಂಪಿನಲ್ಲೇ ಕವಲು ಸಿಕ್ಕಿಬಿಡುತ್ತದೆ. ಅದರಾಚೆ ಅವನ ಕೈ ಹೋಗಲ್ಲ. ಇಡೀ ಗುಂಪಿನಿಂದ ಮೇಲೆ ಹೋದರೆ ಮಾತ್ರ 'ಹಿಮ್‌ಸೆಲ್ಫ್' ಸಿಗುತ್ತದೆ. ಮುಂದೆ ಬಂದದ್ದು, ಹತ್ತಿರ ಇರುವುದು ಅಂತ ನೋಡಬೇಡಿ. ಟ್ರೀಯಲ್ಲಿ ಮೇಲಿದೆಯಾ ಅಂತ ನೋಡಿ.

ಒಂದು ಪದ ಇನ್ನೊಂದನ್ನು ಸಿ-ಕಮಾಂಡ್ ಮಾಡಬೇಕು, ಎರಡೂ ಒಬ್ಬರನ್ನೇ ಸೂಚಿಸಬೇಕು. ಆಗ ಮೊದಲನೆಯದು ಎರಡನೆಯದನ್ನು ಬೈಂಡ್ ಮಾಡುತ್ತದೆ ಅನ್ನುತ್ತೇವೆ. ಒಬ್ಬರನ್ನೇ ಸೂಚಿಸುತ್ತವೆ ಅಂತ ತೋರಿಸಲು ಎರಡರ ಕೆಳಗೂ ಒಂದೇ ಅಂಕಿ ಬರೆಯುತ್ತಾರೆ, ಅದಕ್ಕೆ ಇಂಡೆಕ್ಸ್ ಅಂತ ಹೆಸರು.

ಹಂತ 6: ಈಗ ಎ, ಬಿ, ಸಿ

ತತ್ವ ಎ: 'ಹಿಮ್‌ಸೆಲ್ಫ್', 'ಹರ್‌ಸೆಲ್ಫ್' ತರಹದವು ತಮ್ಮ ಆವರಣದ ಒಳಗೇ ಬೈಂಡ್ ಆಗಬೇಕು.
ತತ್ವ ಬಿ: 'ಹಿಮ್', 'ಹರ್' ತರಹದ ಸರ್ವನಾಮ ತನ್ನ ಆವರಣದ ಒಳಗೆ ಬೈಂಡ್ ಆಗಬಾರದು. ಹೊರಗೆ ಆಗಬಹುದು.
ತತ್ವ ಸಿ: ರವಿ, ಸೀತಾ, 'ದ ಟೀಚರ್' ತರಹದ ಹೆಸರುಗಳು ಎಲ್ಲಿಯೂ ಬೈಂಡ್ ಆಗಬಾರದು.

ಆವರಣ ಎಲ್ಲಿಯವರೆಗೆ? ಇಲ್ಲೇ ಎಲ್ಲರಿಗೂ ಕಷ್ಟ. ಕೆಲಸಕ್ಕೆ ಬರುವ ನಿಯಮ ಹೀಗೆ: ಪದದಿಂದ ಮೇಲಕ್ಕೆ ಹೋಗಿ, ಆ ಪದವನ್ನು ಬಿಟ್ಟು ಬೇರೊಂದು ಕರ್ತೃ ಇರುವ ಮೊದಲ ಉಪವಾಕ್ಯ ಅಥವಾ ನಾಮಪದದ ಗುಂಪು ಸಿಕ್ಕಿದರೆ ಅದೇ ಆವರಣ. ಅದಕ್ಕೂ ಮೊದಲು ಫೈನೈಟ್ ಉಪವಾಕ್ಯದ ಗಡಿ ಸಿಕ್ಕಿದರೆ ಅಲ್ಲಿಗೇ ನಿಲ್ಲಿ, ಅದು ಗೋಡೆ. ಚಾಮ್‌ಸ್ಕಿ 1973ರಲ್ಲಿ ಇವನ್ನು ಎರಡು ಬೇರೆ ಷರತ್ತಾಗಿ ಬರೆದಿದ್ದರು. ಒಂದು ಕಾಲವಿರುವ ಉಪವಾಕ್ಯದ್ದು, ಇನ್ನೊಂದು ನಡುವೆ ಬರುವ ಕರ್ತೃವಿನದು. 1981ರ ಹೊತ್ತಿಗೆ ಅವು ಎ, ಬಿ, ಸಿ ತತ್ವಗಳ ಒಳಗೆ ಸೇರಿದವು.

ಕಾಲ ಎಷ್ಟು ದೊಡ್ಡ ಕೆಲಸ ಮಾಡುತ್ತದೆ ಅಂತ ಈ ನಾಲ್ಕು ವಾಕ್ಯದಲ್ಲಿ ನೋಡಿ. ಎಲ್ಲದರಲ್ಲೂ ರವಿ ತಾನು ಜಾಣ ಅಂತ ನಂಬಿದ್ದಾನೆ ಅನ್ನುವ ಅರ್ಥ ಬರಿಸಲು ಪ್ರಯತ್ನಿಸೋಣ.

(7) ರವಿ₁ ಬಿಲೀವ್ಸ್ [ಹಿಮ್‌ಸೆಲ್ಫ್₁ ಟು ಬಿ ಕ್ಲೆವರ್].
(8) *ರವಿ₁ ಬಿಲೀವ್ಸ್ [ಹಿಮ್₁ ಟು ಬಿ ಕ್ಲೆವರ್].
(9) *ರವಿ₁ ಬಿಲೀವ್ಸ್ [ಹಿಮ್‌ಸೆಲ್ಫ್₁ ಈಸ್ ಕ್ಲೆವರ್].
(10) ರವಿ₁ ಬಿಲೀವ್ಸ್ [ಹೀ₁ ಈಸ್ ಕ್ಲೆವರ್].

(7)ರಲ್ಲಿ ಒಳಗಿನ ಉಪವಾಕ್ಯ ನಾನ್‌ಫೈನೈಟ್. 'ಹಿಮ್‌ಸೆಲ್ಫ್' ತಾನೇ ಅಲ್ಲಿ ಕರ್ತೃ, ಬೇರೆ ಕರ್ತೃ ಇಲ್ಲ. ಮೇಲಕ್ಕೆ ಹೋಗುತ್ತೇವೆ, ರವಿ ಸಿಗುತ್ತಾನೆ. ಎ ತತ್ವಕ್ಕೆ ಸಮಾಧಾನ. ಅದೇ ಕಾರಣಕ್ಕೆ (8) ಕೆಡುತ್ತದೆ: ಆವರಣ ರವಿಯವರೆಗೂ ಹಬ್ಬಿದೆ, 'ಹಿಮ್' ಅದರೊಳಗೆ ಬೈಂಡ್ ಆಗಬಾರದು. (9)ರಲ್ಲಿ 'ಟು ಬಿ' ಹೋಗಿ 'ಈಸ್' ಬಂತು. ಒಂದು ಕಾಲದ ಗುರುತು ಬಂದ ತಕ್ಷಣ ಗೋಡೆ ಎದ್ದಿತು, 'ಹಿಮ್‌ಸೆಲ್ಫ್' ಒಳಗೆ ಒಂಟಿಯಾಯಿತು. (10)ರಲ್ಲಿ ಅದೇ ಗೋಡೆ 'ಹೀ'ಗೆ ಅನುಕೂಲವಾಯಿತು. ಈ ನಾಲ್ಕನ್ನು ಕೈಯಾರೆ ಬರೆದು, ಟ್ರೀ ಹಾಕಿ, ಒಮ್ಮೆ ಬಾಯಿಬಿಟ್ಟು ವಿವರಿಸಿ. ಬೈಂಡಿಂಗ್‌ನ ಮುಕ್ಕಾಲು ಪಾಲು ಇಷ್ಟರಲ್ಲೇ ಇದೆ.

ನಾಮಪದದ ಗುಂಪೂ ಆವರಣ ಆಗುವುದಕ್ಕೆ ಉದಾಹರಣೆ: "ಸೀತಾ ಲೈಕ್ಸ್ [ರವೀಸ್ ಪಿಕ್ಚರ್ ಆಫ್ ಹಿಮ್‌ಸೆಲ್ಫ್]." ಇಲ್ಲಿ 'ರವೀಸ್' ಆ ಗುಂಪಿನ ಕರ್ತೃವಿನ ಸ್ಥಾನದಲ್ಲಿದೆ.

ಸಿ ತತ್ವಕ್ಕೆ ಎರಡು ವಾಕ್ಯ ಸಾಕು. "ಹೀ ಥಿಂಕ್ಸ್ ದಟ್ ರವಿ ಈಸ್ ಕ್ಲೆವರ್" ಅಂದರೆ 'ಹೀ' ರವಿ ಆಗಲಾರ. "ಹಿಸ್ ಮದರ್ ಥಿಂಕ್ಸ್ ದಟ್ ರವಿ ಈಸ್ ಕ್ಲೆವರ್" ಅಂದರೆ 'ಹಿಸ್' ರವಿ ಆಗಬಹುದು, ಯಾಕೆಂದರೆ 'ಹಿಸ್'ನ ಸಿ-ಕಮಾಂಡ್ ಆ ಚಿಕ್ಕ ಗುಂಪಿನಿಂದ ಆಚೆ ಹೋಗಲ್ಲ.

ಕನ್ನಡದ 'ತಾನು' ಇಟ್ಟುಕೊಂಡು ಅಳೆಯಬೇಡಿ

ನಮಗೆ (9) ಅಷ್ಟೇನೂ ತಪ್ಪು ಅನ್ನಿಸದೆ ಇರಬಹುದು. ಕಾರಣ ಇದೆ. "ರವಿ ತಾನು ಜಾಣ ಅಂತ ನಂಬಿದ್ದಾನೆ" ಅನ್ನುವುದು ಕನ್ನಡದಲ್ಲಿ ಸಹಜವಾದ ವಾಕ್ಯ. ಈ ಎರಡನ್ನೂ ಜೋರಾಗಿ ಹೇಳಿ ನೋಡಿ:

(11) ಮೋಹನ ತನ್ನನ್ನು ಹೊಗಳಿದ ಅಂತ ರವಿ ಹೇಳಿದ.
(12) ಮೋಹನ ತನ್ನನ್ನು ತಾನೇ ಹೊಗಳಿಕೊಂಡ ಅಂತ ರವಿ ಹೇಳಿದ.

(11)ರಲ್ಲಿ ಹೊಗಳಿಸಿಕೊಂಡವನು ರವಿ. ನಡುವೆ 'ಹೊಗಳಿದ' ಅನ್ನುವ ಕಾಲವಿರುವ ಕ್ರಿಯಾಪದ ಇದೆ, ಮೋಹನ ಅನ್ನುವ ಬೇರೆ ಕರ್ತೃ ಇದ್ದಾನೆ. 'ತನ್ನನ್ನು' ಎರಡನ್ನೂ ದಾಟಿ ರವಿಯನ್ನು ಹಿಡಿಯಿತು. (12)ರಲ್ಲಿ ಮೋಹನನಿಗೇ ಅಂಟಿಸಲು 'ತಾನೇ', 'ಕೊಂಡ' ಎರಡೂ ಬಂದವು. ಹೀಗೆ ದೂರ ಹೋಗಬಲ್ಲ ಪದಗಳನ್ನು ಲಾಂಗ್-ಡಿಸ್ಟೆನ್ಸ್ ಅನಾಫರ್ ಅಂತ ಕರೆಯುತ್ತಾರೆ. ನಮ್ಮ ಭಾಷೆಯ 'ಕೊಳ್ಳು' ಮತ್ತು 'ತಾನು' ಬಗ್ಗೆ ಭಾಷಾವಿಜ್ಞಾನಿಗಳು ಬಹಳ ಆಸಕ್ತಿಯಿಂದ ಕೆಲಸ ಮಾಡಿದ್ದಾರೆ, ಜೆಫ್ರಿ ಲಿಡ್ಜ್ ಅವರ ಬರಹಗಳು ಅದರಲ್ಲಿ ಮುಖ್ಯ. ಆದರೆ ಇಂಗ್ಲಿಷಿನ 'ಹಿಮ್‌ಸೆಲ್ಫ್'ಗೆ ಈ ಸ್ವಾತಂತ್ರ್ಯ ಇಲ್ಲ. "ರವಿ ಸೆಡ್ ದಟ್ ಮೋಹನ್ ಪ್ರೇಸ್ಡ್ ಹಿಮ್‌ಸೆಲ್ಫ್" ಅಂದರೆ ಹೊಗಳಿಸಿಕೊಂಡವನು ಮೋಹನ್ ಮಾತ್ರ. ಕನ್ನಡಕ್ಕೆ ತಿರುಗಿಸಿಕೊಂಡು ಉತ್ತರ ಹೇಳಿದರೆ ದಾರಿ ತಪ್ಪುತ್ತೀರಿ.

ನಿಯಮ ಸಾಲದ ಜಾಗಗಳು

"ರವಿ ಹಿಮ್‌ಸೆಲ್ಫ್ ಕೇಮ್" ಅನ್ನುವ 'ಹಿಮ್‌ಸೆಲ್ಫ್' ಒತ್ತು ಕೊಡಲು ಬಂದದ್ದು. ಅದಕ್ಕೆ ಎ ತತ್ವ ಹಚ್ಚಬೇಡಿ. "ರವಿ ಸಾ ಎ ಸ್ನೇಕ್ ನಿಯರ್ ಹಿಮ್" ಅನ್ನುವಲ್ಲಿ ಒಂದೇ ಉಪವಾಕ್ಯದಲ್ಲಿದ್ದರೂ 'ಹಿಮ್' ರವಿ ಆಗಬಹುದು. "ರವಿ ಥಿಂಕ್ಸ್ ದಟ್ ಪಿಕ್ಚರ್ಸ್ ಆಫ್ ಹಿಮ್‌ಸೆಲ್ಫ್ ಆರ್ ಆನ್ ಸೇಲ್" ಅನ್ನುವುದನ್ನೂ ಹಲವರು ಒಪ್ಪುತ್ತಾರೆ, ಗೋಡೆ ಇದ್ದರೂ. 1992ರಲ್ಲಿ ಪೊಲಾರ್ಡ್ ಮತ್ತು ಸ್ಯಾಗ್, 1993ರಲ್ಲಿ ರೈನ್‌ಹಾರ್ಟ್ ಮತ್ತು ರಾಯ್ಲಂಡ್ ಇಂಥ ವಾಕ್ಯಗಳನ್ನೇ ಮುಂದಿಟ್ಟುಕೊಂಡು ಬೇರೆ ದಾರಿ ಸೂಚಿಸಿದರು. ಒಂದೇ ಕ್ರಿಯಾಪದದ ಕರ್ತೃ, ಕರ್ಮ ಆಗಿದ್ದಾಗ ಮಾತ್ರ ಕಟ್ಟುನಿಟ್ಟು, ಉಳಿದ ಕಡೆ ಯಾರ ದೃಷ್ಟಿಯಿಂದ ಮಾತು ನಡೆದಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಅವರ ವಾದದ ತಿರುಳು. ಪರೀಕ್ಷೆಯಲ್ಲಿ ಇಂಥದ್ದು ಬಂದರೆ ಮೊದಲು ನಿಯಮ ಹಚ್ಚಿ, ಎಲ್ಲಿ ಹೊಂದಲ್ಲ ಅಂತ ತೋರಿಸಿ, ಆಮೇಲೆ ಈ ಎರಡು ಸಾಲು ಬರೆಯಿರಿ.

ಹಂತ 7: ಒಂದು ಪೂರ್ತಿ ವಾಕ್ಯ

(13) ಸೀತಾ ಸೆಡ್ ದಟ್ ರವಿ ವಾಂಟೆಡ್ ಟು ಇಂಟ್ರಡ್ಯೂಸ್ ಹಿಮ್‌ಸೆಲ್ಫ್ ಟು ಹರ್.

ಕಾಲ: 'ಸೆಡ್' ಭೂತ, 'ವಾಂಟೆಡ್' ಭೂತ, 'ಟು ಇಂಟ್ರಡ್ಯೂಸ್' ನಾನ್‌ಫೈನೈಟ್. ಕೊನೆಯ 'ಟು' ಬೇರೆ, ಅದು 'ಹರ್'ಗೆ ಸೇರಿದ ವಿಭಕ್ತಿಯಂಥ ಪದ. ಇದನ್ನು ಟಿಯಲ್ಲಿ ಕೂರಿಸಬೇಡಿ.

ಕಂಸ: [ಸೀತಾ ಸೆಡ್ [ದಟ್ ರವಿ ವಾಂಟೆಡ್ [ಪ್ರೋ ಟು ಇಂಟ್ರಡ್ಯೂಸ್ ಹಿಮ್‌ಸೆಲ್ಫ್ ಟು ಹರ್]]]. 'ವಾಂಟ್'ಗೆ 'ದೇರ್' ಒಪ್ಪಲ್ಲ, ಹಾಗಾಗಿ ಪ್ರೋ. ಅದು ರವಿ.

ಬೈಂಡಿಂಗ್: 'ಹಿಮ್‌ಸೆಲ್ಫ್'ನಿಂದ ಮೇಲೆ ಹೋದರೆ ಮೂರನೇ ಕಂಸದಲ್ಲೇ ಪ್ರೋ ಸಿಗುತ್ತದೆ. ಪ್ರೋ ರವಿ, ಆದ್ದರಿಂದ ಎ ತತ್ವ ಸರಿ. 'ಹರ್'ನ ಆವರಣವೂ ಅದೇ ಮೂರನೇ ಕಂಸ. ಸೀತಾ ಅದರ ಹೊರಗಿದ್ದಾಳೆ, ಹಾಗಾಗಿ 'ಹರ್' ಸೀತಾ ಆಗಬಹುದು, ಬೇರೆ ಹೆಂಗಸೂ ಆಗಬಹುದು. 'ಹರ್' ತೆಗೆದು 'ಹರ್‌ಸೆಲ್ಫ್' ಹಾಕಿದರೆ ವಾಕ್ಯ ನಿಲ್ಲಲ್ಲ.

ಈಗ ಇವೆರಡನ್ನು ನೀವೇ ಬಿಡಿಸಿ. 'ಹಿಮ್' ರವಿ ಆಗಬಹುದೇ?

(14) ಸೀತಾ ಪ್ರಾಮಿಸ್ಡ್ ರವಿ ಟು ಡಿಫೆಂಡ್ ಹಿಮ್.
(15) ಸೀತಾ ಪರ್ಸ್ಯೂಡೆಡ್ ರವಿ ಟು ಡಿಫೆಂಡ್ ಹಿಮ್.

(14)ರಲ್ಲಿ ಆಗಬಹುದು. ಪ್ರೋ ಇಲ್ಲಿ ಸೀತಾ, ಆವರಣದೊಳಗೆ ರವಿ ಇಲ್ಲ. (15)ರಲ್ಲಿ ಆಗಲ್ಲ. ಪ್ರೋ ರವಿಯೇ ಆಗಿರುವುದರಿಂದ 'ಹಿಮ್' ಅವನನ್ನು ಸೂಚಿಸಿದರೆ ಆವರಣದ ಒಳಗೇ ಬೈಂಡ್ ಆಗುತ್ತದೆ, ಬಿ ತತ್ವ ಮುರಿಯುತ್ತದೆ.